ಒಬ್ಬನೇ ಹೋಗಿ ಬಾಗಿಲು ತಟ್ಟುವ ಹಕ್ಕು

"ನಾಳೆಯಿಂದ ಬರಬೇಡಿ." ಎರಡೇ ಪದ. ಅದನ್ನು ಹೇಳಿಸಿಕೊಂಡವನು "ಯಾಕೆ?" ಅಂತ ಕೇಳಬಹುದೇ? ಕೇಳುವುದಾದರೆ ಯಾರ ಮುಂದೆ? ಇಷ್ಟು ಸಣ್ಣ ಪ್ರಶ್ನೆಗೆ ನಮ್ಮ ದೇಶದಲ್ಲಿ ಉತ್ತರ ತಯಾರಾಗಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ಉತ್ತರ ಒಂದೇ ಸಲಕ್ಕೆ ಬಂದದ್ದೂ ಅಲ್ಲ. ಒಂದು ತಿದ್ದುಪಡಿ, ಒಂದು ತೀರ್ಪು, ಮತ್ತೊಂದು ತಿದ್ದುಪಡಿ... ಹೀಗೆ ತೇಪೆ ಹಾಕಿದ ಹಾಗೆ ಬಂತು. ಆ ಕಥೆಯಲ್ಲಿ ಬೆಂಗಳೂರಿಗೂ ನಮ್ಮ ರಾಜ್ಯಕ್ಕೂ ದೊಡ್ಡ ಪಾತ್ರವಿದೆ.

ಕಾರ್ಮಿಕ ಕಾನೂನು ಅಂದರೆ ನಮಗೆ ನೆನಪಾಗುವುದು ಕೆಂಪು ಬಾವುಟ, ಮುಷ್ಕರ, ಫ್ಯಾಕ್ಟರಿ ಗೇಟು. ಬ್ಲಾಗ್ ಓದುವ ನಮ್ಮಲ್ಲಿ ಬಹಳ ಜನ ಕಂಪ್ಯೂಟರ್ ಮುಂದೆ ಕೂತು ದುಡಿಯುವವರು. "ಅದೆಲ್ಲ ನಮಗಲ್ಲ ಬಿಡಿ" ಅನ್ನುವ ಮಾತು ಎಷ್ಟೋ ಸಲ ಕೇಳಿದ್ದೇನೆ. ನಮಗೂ ಹೌದೋ ಅಲ್ಲವೋ ಅನ್ನುವುದನ್ನು ಕೊನೆಯಲ್ಲಿ ನೋಡೋಣ. ಮೊದಲು ಇತಿಹಾಸ.

ಕೆಲಸ ಬಿಟ್ಟರೆ ಜೈಲು

ಶುರುವಿನಲ್ಲಿ ಕಾನೂನು ಇದ್ದದ್ದು ಪೂರ್ತಿ ಧಣಿಯ ಕಡೆಗೆ. 1859ರಲ್ಲಿ ಬ್ರಿಟಿಷರು ಕೆಲಸಗಾರರ ಕರಾರು ಭಂಗ ಕಾಯ್ದೆ ತಂದರು. ಮುಂಗಡ ಹಣ ತೆಗೆದುಕೊಂಡ ಕೂಲಿಯವನೋ ಕುಶಲಕರ್ಮಿಯೋ ಕೆಲಸ ಬಿಟ್ಟು ಹೋದರೆ ಧಣಿ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದಿತ್ತು. ಮ್ಯಾಜಿಸ್ಟ್ರೇಟರು "ಹಣ ವಾಪಸ್ ಕೊಡು, ಇಲ್ಲ ಕೆಲಸ ಮುಗಿಸು" ಅಂತ ಆಜ್ಞೆ ಮಾಡುತ್ತಿದ್ದರು. ಅದನ್ನೂ ಮೀರಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಧಣಿಯೇ ಮಾತಿಗೆ ತಪ್ಪಿದರೆ? ಕೆಲಸಗಾರ ಸಿವಿಲ್ ಕೋರ್ಟಿಗೆ ಅಲೆಯಬೇಕಿತ್ತು. ಒಂದೇ ಕರಾರು. ಮುರಿದವನು ಆಳಾದರೆ ಜೈಲು, ಧಣಿಯಾದರೆ ಬರೀ ಹಣದ ವ್ಯಾಜ್ಯ. ಈ ಕಾಯ್ದೆಯನ್ನು ರದ್ದು ಮಾಡುವ ಕಾನೂನು ಬಂದದ್ದು 1925ರಲ್ಲಿ!

ಒಬ್ಬನ ಕೈಲಾಗದ್ದನ್ನು ಗುಂಪು ಸೇರಿ ಕೇಳೋಣವೆಂದರೆ ಅದೂ ಅಪಾಯವೇ. 1918ರ ಏಪ್ರಿಲ್‌ನಲ್ಲಿ ಮದರಾಸಿನಲ್ಲಿ ಬಿ.ಪಿ. ವಾಡಿಯಾ ಮತ್ತು ಸಂಗಡಿಗರು ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು. ಬಿನ್ನಿ ಕಂಪನಿಯ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ಲುಗಳ ಕೆಲಸಗಾರರು ಅದರ ಬೆನ್ನೆಲುಬು. (ಬೆಂಗಳೂರಿನವರಿಗೆ ಬಿನ್ನಿ ಮಿಲ್ ಹೆಸರು ಹೊಸದಲ್ಲ. ಇಲ್ಲಿನ ಉಣ್ಣೆ, ಹತ್ತಿ, ರೇಷ್ಮೆ ಗಿರಣಿ ನಡೆಸುತ್ತಿದ್ದದ್ದೂ ಇದೇ ಕಂಪನಿ.) 1920ರಲ್ಲಿ ಮಿಲ್ಲಿಗೆ ಬೀಗ ಬಿತ್ತು. ಕಂಪನಿ ಮದರಾಸು ಹೈಕೋರ್ಟಿಗೆ ಹೋಗಿ, ವಾಡಿಯಾ ಮುಂತಾದವರು ನಮ್ಮ ಕೆಲಸಗಾರರನ್ನು ಕರಾರು ಮುರಿಯುವಂತೆ ಎತ್ತಿಕಟ್ಟುತ್ತಿದ್ದಾರೆ ಅಂತ ದಾವೆ ಹೂಡಿತು. ಕೋರ್ಟು ಯೂನಿಯನ್ ನಾಯಕರಿಗೆ ತಡೆಯಾಜ್ಞೆ ಕೊಟ್ಟಿತು. ಕಡೆಗೆ ವಾಡಿಯಾ ಯೂನಿಯನ್ನಿನಿಂದ ದೂರ ಸರಿಯುವ ರಾಜಿಯಾಯಿತು.

ಈ ಪೆಟ್ಟು ಸುಮ್ಮನೆ ಹೋಗಲಿಲ್ಲ. 1921ರ ಮಾರ್ಚ್‌ನಲ್ಲಿ ಎನ್.ಎಂ. ಜೋಶಿಯವರು ಕೇಂದ್ರ ಶಾಸನ ಸಭೆಯಲ್ಲಿ ಯೂನಿಯನ್‌ಗಳಿಗೆ ಕಾನೂನಿನ ರಕ್ಷಣೆ ಬೇಕೆಂಬ ನಿರ್ಣಯ ಮಂಡಿಸಿದರು. ಐದು ವರ್ಷದ ನಂತರ, 1926ರಲ್ಲಿ, ಟ್ರೇಡ್ ಯೂನಿಯನ್ ಕಾಯ್ದೆ ಬಂತು. ನೋಂದಾಯಿತ ಯೂನಿಯನ್ ಮುಷ್ಕರಕ್ಕೆ ಕರೆ ಕೊಟ್ಟಿತು ಅನ್ನುವ ಒಂದೇ ಕಾರಣಕ್ಕೆ ಅದರ ನಾಯಕರ ಮೇಲೆ ಕರಾರು ಭಂಗದ ದಾವೆ ಹಾಕುವಂತಿಲ್ಲ ಅಂತಾಯಿತು.

ಅಂದರೆ ಗುಂಪಿಗೆ ಬಾಯಿ ಬಂತು. ಒಬ್ಬನಿಗೆ ಇನ್ನೂ ಬಂದಿರಲಿಲ್ಲ.

1947: ಬಾಗಿಲು ಬಂತು, ಬೀಗದ ಕೈ ಸರ್ಕಾರದ ಹತ್ತಿರ

ಮೈಸೂರು ಸಂಸ್ಥಾನ 1942ರಲ್ಲಿ ತನ್ನದೇ ಕಾರ್ಮಿಕ ಕಾಯ್ದೆ ಮಾಡಿಕೊಂಡಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಕೈಗಾರಿಕಾ ವಿವಾದ ಕಾಯ್ದೆ ಜಾರಿಗೆ ಬಂದದ್ದು 1947ರ ಏಪ್ರಿಲ್ 1ರಂದು, ಸ್ವಾತಂತ್ರ್ಯಕ್ಕೆ ನಾಲ್ಕೂವರೆ ತಿಂಗಳ ಮುಂಚೆ. ಮುಂದೆ ಎಪ್ಪತ್ತೆಂಟು ವರ್ಷ ನಡೆದದ್ದು ಇದೇ ಕಾಯ್ದೆ.

ಇದರ ಮಹತ್ವ ತಿಳಿಯಬೇಕಾದರೆ ಸಿವಿಲ್ ಕೋರ್ಟಿನ ಪದ್ಧತಿ ಗೊತ್ತಿರಬೇಕು. ಖಾಸಗಿ ನೌಕರಿ ಅಂದರೆ ಇಬ್ಬರ ನಡುವಿನ ಕರಾರು. ಮನಸ್ಸಿಲ್ಲದ ಧಣಿಗೆ "ಇವನನ್ನು ಇಟ್ಟುಕೋ" ಅಂತ ಸಿವಿಲ್ ಕೋರ್ಟು ಹೇಳುವುದಿಲ್ಲ. ತಪ್ಪಾಗಿ ತೆಗೆದಿದ್ದರೆ ಪರಿಹಾರ ಕೊಡಿಸಬಹುದು ಅಷ್ಟೆ. ಅದೂ ಹೆಚ್ಚಾಗಿ ನೋಟೀಸ್ ಅವಧಿಯ ಸಂಬಳಕ್ಕೆ ಮುಗಿಯುತ್ತದೆ. ಹೊಸ ಕಾಯ್ದೆಯ ಟ್ರಿಬ್ಯುನಲ್ ಇದಕ್ಕಿಂತ ಮುಂದೆ ಹೋಗಬಹುದೇ? ಬೊಂಬಾಯಿಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಈ ಪ್ರಶ್ನೆಯನ್ನು ಫೆಡರಲ್ ಕೋರ್ಟಿನವರೆಗೆ ಒಯ್ದಿತು. 1949ರಲ್ಲಿ ಕೋರ್ಟು "ಹೋಗಬಹುದು" ಅಂದಿತು. ತೆಗೆದವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಅಂತ ಆದೇಶಿಸುವ ಅಧಿಕಾರ ಟ್ರಿಬ್ಯುನಲ್‌ಗೆ ಇದೆ ಅಂತ ತೀರ್ಮಾನವಾಯಿತು. ಈ ತೀರ್ಪು ಇಲ್ಲದಿದ್ದರೆ ಮುಂದಿನ ಕಥೆಯೇ ಇಲ್ಲ.

ಆದರೆ ಎರಡು ತೊಡಕಿದ್ದವು. ಒಂದು, ನೌಕರನಾಗಲಿ ಯೂನಿಯನ್ನಾಗಲಿ ನೇರವಾಗಿ ಟ್ರಿಬ್ಯುನಲ್ಲಿಗೆ ಹೋಗುವಂತಿರಲಿಲ್ಲ. ಸಂಧಾನಾಧಿಕಾರಿಯ ಮುಂದೆ ರಾಜಿ ಆಗದಿದ್ದರೆ ಅವರು ಸರ್ಕಾರಕ್ಕೆ ವರದಿ ಕೊಡಬೇಕು, ಸರ್ಕಾರ ಒಪ್ಪಿದರೆ ಮಾತ್ರ ವಿವಾದವನ್ನು ಟ್ರಿಬ್ಯುನಲ್ಲಿಗೆ ಕಳಿಸುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಎರಡನೆಯದು ಇನ್ನೂ ವಿಚಿತ್ರ. ಒಬ್ಬನ ದೂರು "ಕೈಗಾರಿಕಾ ವಿವಾದ"ವೇ ಅಲ್ಲ ಅನ್ನುವುದು.

ಲೈನೋ ಟೈಪಿಸ್ಟ್ ಒಬ್ಬನ ಕಥೆ

ಅಲಹಾಬಾದಿನ ನ್ಯೂಸ್‌ಪೇಪರ್ಸ್ ಲಿಮಿಟೆಡ್ ಕಂಪನಿಯಲ್ಲಿ ಒಬ್ಬ ಲೈನೋ ಟೈಪಿಸ್ಟ್ ಇದ್ದ. ಬಿಸಿ ಸೀಸದಲ್ಲಿ ಸಾಲು ಸಾಲಾಗಿ ಅಕ್ಷರ ಎರಕ ಹೊಯ್ಯುವ ಯಂತ್ರದ ಕೆಲಸ. ಅವನನ್ನು ತೆಗೆದರು. ಅವನ ಪರವಾಗಿ ಅವನ ಜೊತೆ ಕೆಲಸ ಮಾಡುವವರ ಯೂನಿಯನ್ ನಿಲ್ಲಲಿಲ್ಲ. ನಿಂತದ್ದು ಅವನಿಗೆ ಸಂಬಂಧವಿಲ್ಲದ ಪತ್ರಕರ್ತರ ಯೂನಿಯನ್. ಟ್ರಿಬ್ಯುನಲ್ ಅವನ ಪರವಾಗಿ ಆದೇಶ ಕೊಟ್ಟಿತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1957ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು: ಜೊತೆಗಾರರ ಗುಂಪು ಎತ್ತಿಕೊಳ್ಳದ ಒಬ್ಬನೇ ನೌಕರನ ದೂರು ಕೈಗಾರಿಕಾ ವಿವಾದ ಆಗುವುದಿಲ್ಲ. ಟ್ರಿಬ್ಯುನಲ್ಲಿನ ಆದೇಶ ಬಿದ್ದುಹೋಯಿತು.

ಇದರ ಅರ್ಥ ಏನು ನೋಡಿ. ನಿಮ್ಮನ್ನು ಅನ್ಯಾಯವಾಗಿ ತೆಗೆದದ್ದು ಹಗಲಿನಷ್ಟು ಸ್ಪಷ್ಟ ಅಂತಲೇ ಇಟ್ಟುಕೊಳ್ಳಿ. ನಿಮ್ಮ ಜೊತೆಗಾರರು ಹೆದರಿ ಹಿಂದೆ ಸರಿದರೆ, ಅಥವಾ ಯೂನಿಯನ್ ನಾಯಕನಿಗೆ ನಿಮ್ಮನ್ನು ಕಂಡರೆ ಆಗದಿದ್ದರೆ, ಅಥವಾ ನಿಮ್ಮ ಕಚೇರಿಯಲ್ಲಿ ಯೂನಿಯನ್ನೇ ಇಲ್ಲದಿದ್ದರೆ, ಕಥೆ ಅಲ್ಲಿಗೇ ಮುಗಿಯಿತು. ಆಗಿನ ತರ್ಕ ಅರ್ಥವಾಗದ್ದೇನಲ್ಲ. ಆ ಕಾಯ್ದೆ ಹುಟ್ಟಿದ್ದೇ ಕಾರ್ಖಾನೆಯಲ್ಲಿ ಶಾಂತಿ ಕಾಪಾಡಲು, ಮುಷ್ಕರ ತಪ್ಪಿಸಲು. ಒಬ್ಬನ ಅಳಲಿಗೆ ಮಿಲ್ಲು ನಿಲ್ಲುವುದಿಲ್ಲವಲ್ಲ, ಹಾಗಾಗಿ ಕಾನೂನಿಗೆ ಅದು ಕಾಣಿಸಲಿಲ್ಲ.

1965ರ ಡಿಸೆಂಬರ್ 1ರಿಂದ ಕಾಯ್ದೆಗೆ 2-ಎ ಅನ್ನುವ ಸಣ್ಣ ಕಲಂ ಸೇರಿತು. ಒಬ್ಬ ನೌಕರನನ್ನು ವಜಾ ಮಾಡಿದರೆ, ಬಿಡುಗಡೆ ಮಾಡಿದರೆ, ರಿಟ್ರೆಂಚ್ ಮಾಡಿದರೆ ಅಥವಾ ಬೇರೆ ಯಾವ ರೀತಿಯಲ್ಲೇ ತೆಗೆದರೂ ಅದು ಕೈಗಾರಿಕಾ ವಿವಾದವೇ. ಹಿಂದೆ ಯಾರೂ ನಿಲ್ಲದಿದ್ದರೂ ಸರಿ. ಕಾನೂನಿನ ಕಣ್ಣಿಗೆ ಒಬ್ಬಂಟಿ ಮನುಷ್ಯ ಕಾಣಿಸಿದ್ದು ಆಗ.

ಶಿಕ್ಷೆ ಜಾಸ್ತಿ ಆಯ್ತು ಅಂತ ಹೇಳುವ ಅಧಿಕಾರ

ಒಳಗೆ ಹೋದ ಮೇಲೂ ಇನ್ನೊಂದು ಗೋಡೆ ಇತ್ತು. 1958ರ ಇಂಡಿಯನ್ ಐರನ್ ಅಂಡ್ ಸ್ಟೀಲ್ ತೀರ್ಪಿನ ಪ್ರಕಾರ ಆಡಳಿತ ವರ್ಗ ವಿಚಾರಣೆ ನಡೆಸಿ ವಜಾ ಮಾಡಿದ್ದರೆ ಟ್ರಿಬ್ಯುನಲ್ ಅದರಲ್ಲಿ ಸುಮ್ಮನೆ ಕೈ ಹಾಕುವಂತಿಲ್ಲ. ದುರುದ್ದೇಶ ಇರಬೇಕು, ಇಲ್ಲವೇ ಹಗೆ ಸಾಧಿಸಿರಬೇಕು, ಇಲ್ಲವೇ ಸಹಜ ನ್ಯಾಯವನ್ನು ಗಾಳಿಗೆ ತೂರಿರಬೇಕು, ಇಲ್ಲವೇ ಸಾಕ್ಷ್ಯವೇ ಇಲ್ಲದ ತೀರ್ಮಾನ ಆಗಿರಬೇಕು. ಅದು ಬಿಟ್ಟು "ಇಷ್ಟು ಸಣ್ಣ ತಪ್ಪಿಗೆ ಕೆಲಸವನ್ನೇ ಕಿತ್ತುಕೊಳ್ಳುವುದೇ?" ಅಂತ ಟ್ರಿಬ್ಯುನಲ್ ಕೇಳಲಾಗುತ್ತಿರಲಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1963ರಲ್ಲಿ ಕೆಲಸದಿಂದ ತೆಗೆಯುವ ಬಗ್ಗೆ ಒಂದು ಶಿಫಾರಸು ಮಾಡಿತು. ಸಕಾರಣ ಇಲ್ಲದೆ ತೆಗೆಯಬಾರದು, ತೆಗೆದರೆ ತಟಸ್ಥ ಸಂಸ್ಥೆಯ ಮುಂದೆ ಮೇಲ್ಮನವಿಗೆ ಅವಕಾಶ ಇರಬೇಕು ಅನ್ನುವುದು ಅದರ ಸಾರ. ಅದನ್ನು ಅನುಸರಿಸಿ 1971ರಲ್ಲಿ 11-ಎ ಕಲಂ ಬಂತು. ಅಂದಿನಿಂದ ಲೇಬರ್ ಕೋರ್ಟು ಸಾಕ್ಷ್ಯವನ್ನು ತಾನೇ ಮತ್ತೆ ತೂಗಿ ನೋಡಬಹುದು. ತಪ್ಪು ನಿಜವಾದರೂ ಶಿಕ್ಷೆ ಅತಿಯಾಯಿತು ಅನಿಸಿದರೆ ಕಡಿಮೆ ಮಾಡಬಹುದು. ವಜಾ ಆದವನನ್ನು ವಾಪಸ್ ಕೆಲಸಕ್ಕೆ ಸೇರಿಸಿ, ಹಿಂಬಾಕಿ ಸಂಬಳವನ್ನೋ ಇನ್‌ಕ್ರಿಮೆಂಟನ್ನೋ ಕಡಿದು ಮುಗಿಸಬಹುದು.

ಬೆಂಗಳೂರಿನ ನೀರಿನ ಮೊಕದ್ದಮೆ

ಈಗ ನಮ್ಮೂರಿಗೆ ಬರೋಣ. ಬೆಂಗಳೂರು ಜಲಮಂಡಳಿ ತನ್ನ ಕೆಲವು ನೌಕರರಿಗೆ ದುರ್ನಡತೆಯ ಆರೋಪದ ಮೇಲೆ ದಂಡ ಹಾಕಿ, ಆ ಹಣವನ್ನು ವಸೂಲಿ ಮಾಡಿತು. ನಮ್ಮ ಮಾತು ಕೇಳದೆ ದಂಡ ಹಾಕಿದ್ದಾರೆ, ಹಣ ವಾಪಸ್ ಕೊಡಿಸಿ ಅಂತ ನೌಕರರು 1972ರಲ್ಲಿ ಲೇಬರ್ ಕೋರ್ಟಿಗೆ ಅರ್ಜಿ ಹಾಕಿದರು. ಮಂಡಳಿ ಹೂಡಿದ ವಾದ ಬೇರೆಯೇ: ನಾವು ಊರಿಗೆ ನೀರು ಕೊಡುವ ಶಾಸನಬದ್ಧ ಸಂಸ್ಥೆ, ನಾವು "ಉದ್ಯಮ"ವೇ ಅಲ್ಲ, ಲೇಬರ್ ಕೋರ್ಟಿಗೆ ನಮ್ಮನ್ನು ಕೇಳುವ ಅಧಿಕಾರವಿಲ್ಲ.

ಸಂಬಳದಲ್ಲಿ ಕಡಿದ ದಂಡದ ಜಗಳ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠದ ಮುಂದೆ ಹೋಗಿ ನಿಂತಿತು. ಯಾಕೆ ಅಷ್ಟು ದೊಡ್ಡ ಪೀಠ ಅಂದರೆ, ಅಷ್ಟು ಹೊತ್ತಿಗೆ "ಉದ್ಯಮ" ಅನ್ನುವ ಪದದ ಅರ್ಥ ಪೂರಾ ಗೋಜಲಾಗಿತ್ತು. 1963ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಬಸ್ ಚಾಲಕರ ಮೊಕದ್ದಮೆಯಲ್ಲಿ ವಿಶ್ವವಿದ್ಯಾಲಯ ಉದ್ಯಮ ಅಲ್ಲ ಅಂತ ತೀರ್ಪಾಗಿತ್ತು. ಅವರು ಓಡಿಸುತ್ತಿದ್ದದ್ದು ಬಸ್ಸೇ ಆದರೂ! 1970ರಲ್ಲಿ ಸಫ್ದರ್‌ಜಂಗ್ ಆಸ್ಪತ್ರೆಯೂ ಉದ್ಯಮ ಅಲ್ಲ ಅಂತಾಯಿತು. ಅಂದರೆ ಅದೇ ಬಸ್ಸು ಓಡಿಸುವವನಿಗೆ ಸಾರಿಗೆ ಕಂಪನಿಯಲ್ಲಿ ಹಕ್ಕುಂಟು, ಕಾಲೇಜಿನಲ್ಲಿ ಇಲ್ಲ.

1978ರ ಫೆಬ್ರವರಿ 21ರಂದು ತೀರ್ಪು ಬಂತು. ಮುಖ್ಯ ತೀರ್ಪು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಅವರು ಹಾಕಿಕೊಟ್ಟ ಅಳತೆಗೋಲು ಮೂರು ಮಾತಿನದು: ವ್ಯವಸ್ಥಿತವಾದ ಚಟುವಟಿಕೆ ಇದೆಯೇ, ಅದನ್ನು ಮಾಲೀಕ ಮತ್ತು ನೌಕರ ಸೇರಿ ನಡೆಸುತ್ತಾರೆಯೇ, ಜನರಿಗೆ ಬೇಕಾದ ವಸ್ತು ಅಥವಾ ಸೇವೆ ಅದರಿಂದ ಸಿಗುತ್ತದೆಯೇ? ಹೌದಾದರೆ ಅದು ಉದ್ಯಮ. ಲಾಭ ಬರಲಿ ಬಿಡಲಿ. ಆಸ್ಪತ್ರೆ, ವಿಶ್ವವಿದ್ಯಾಲಯ, ಧರ್ಮಸಂಸ್ಥೆ, ಸಂಶೋಧನಾ ಸಂಸ್ಥೆ ಎಲ್ಲವೂ ಒಳಗೆ ಬರಬಹುದು. ಹೊರಗೆ ಉಳಿದದ್ದು ಸರ್ಕಾರದ ಸಾರ್ವಭೌಮ ಕೆಲಸಗಳು ಮತ್ತು ಕೆಲವು ಸಣ್ಣ ಅಪವಾದಗಳು. ಏಳರಲ್ಲಿ ಇಬ್ಬರು, ಜಸ್ವಂತ್ ಸಿಂಗ್ ಮತ್ತು ತುಳಜಾಪುರ್ಕರ್, ಭಿನ್ನಮತ ಬರೆದರು. ಜಲಮಂಡಳಿಯ ಕೆಲವೇ ನೌಕರರು ಕೇಳಿದ ಪ್ರಶ್ನೆಯಿಂದ ದೇಶದ ಲಕ್ಷಾಂತರ ನೌಕರರಿಗೆ ಬಾಗಿಲು ತೆರೆಯಿತು.

ಅದನ್ನು ಮುಚ್ಚುವ ಪ್ರಯತ್ನಗಳೂ ಆದವು. 1982ರಲ್ಲಿ ಸಂಸತ್ತು ವ್ಯಾಖ್ಯೆಯನ್ನು ಬದಲಿಸಿ ಆಸ್ಪತ್ರೆ, ಶಿಕ್ಷಣ ಸಂಸ್ಥೆ ಮುಂತಾದವನ್ನು ಹೊರಗಿಟ್ಟಿತು. ಆದರೆ ಆ ಭಾಗವನ್ನು ಯಾವ ಸರ್ಕಾರವೂ ಜಾರಿಗೆ ತರಲಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಈ ತೀರ್ಪಿನ ಮರುಪರಿಶೀಲನೆ ಆಗಬೇಕು ಅಂದಿತು. 2017ರಲ್ಲಿ ಅದು ಒಂಬತ್ತು ನ್ಯಾಯಾಧೀಶರ ಪೀಠಕ್ಕೆ ಹೋಯಿತು.

ಪೂಜಾರಿಯನ್ನು ಪಕ್ಕಕ್ಕೆ ಸರಿಸಿದ್ದು ಕರ್ನಾಟಕ

1965ರ ತಿದ್ದುಪಡಿಯಲ್ಲಿ ಒಂದು ಕೊರತೆ ಉಳಿದಿತ್ತು ಅಂದೆನಲ್ಲ, ಸರ್ಕಾರ ಕಳಿಸಿದರೆ ಮಾತ್ರ ಕೋರ್ಟು. ಕಡತ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ವರ್ಷಗಳು ಕಳೆಯುತ್ತಿದ್ದವು. ಕೆಲವು ಸಲ "ಕಳಿಸಲು ಯೋಗ್ಯವಲ್ಲ" ಅನ್ನುವ ಷರಾ ಬರುತ್ತಿತ್ತು.

ಕರ್ನಾಟಕ ಇದಕ್ಕೆ ತನ್ನದೇ ದಾರಿ ಮಾಡಿತು. 1988ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ರಾಜ್ಯ ತಿದ್ದುಪಡಿಯಿಂದ ಕಾಯ್ದೆಯ 10ನೇ ಕಲಮಿಗೆ (4-ಎ) ಉಪಕಲಂ ಸೇರಿತು. ವಜಾ ಆದ ನೌಕರ, ಆದೇಶ ಕೈಗೆ ಬಂದ ಆರು ತಿಂಗಳೊಳಗೆ, ನೇರವಾಗಿ ಲೇಬರ್ ಕೋರ್ಟಿಗೆ ಅರ್ಜಿ ಹಾಕಬಹುದು. ಸರ್ಕಾರದ ಅಪ್ಪಣೆ ಬೇಡ, ಯೂನಿಯನ್ ಬೇಡ. ಇಂಥದೇ ಹಕ್ಕು ಇಡೀ ದೇಶಕ್ಕೆ ಸಿಕ್ಕಿದ್ದು 2010ರ ಸೆಪ್ಟೆಂಬರ್‌ನಲ್ಲಿ. ಕೇಂದ್ರದ ಆ ತಿದ್ದುಪಡಿ ಪ್ರಕಾರ ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಳೆದರೆ ಕೋರ್ಟಿಗೆ ಹೋಗಬಹುದು, ಮೂರು ವರ್ಷದೊಳಗೆ. ನಮ್ಮವರಿಗೆ ಅದು 22 ವರ್ಷ ಮೊದಲೇ ಸಿಕ್ಕಿತ್ತು. ಇದನ್ನು ನಮ್ಮ ಪಠ್ಯಪುಸ್ತಕದಲ್ಲಿ ಯಾರಾದರೂ ಓದಿದ್ದೀರಾ? ನಾನಂತೂ ಓದಿಲ್ಲ.

ಗೆದ್ದರೆ ಸಿಗುವುದೇನು?

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುವ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ. ಲೇಬರ್ ಕೋರ್ಟಿನಲ್ಲಿ ಗೆದ್ದರೆ ಕಂಪನಿ ಹೈಕೋರ್ಟಿಗೆ, ಅಲ್ಲಿಂದ ದೆಹಲಿಗೆ. ಅಷ್ಟರಲ್ಲಿ ನೌಕರನ ಮಕ್ಕಳು ಬೆಳೆದು ದೊಡ್ಡವರಾಗಿರುತ್ತಾರೆ. ಇದಕ್ಕೆಂದೇ 1984ರಿಂದ 17-ಬಿ ಕಲಂ ಜಾರಿಗೆ ಬಂತು. ಮರುನೇಮಕದ ಆದೇಶದ ವಿರುದ್ಧ ಕಂಪನಿ ಮೇಲಿನ ಕೋರ್ಟಿಗೆ ಹೋದರೆ, ಮೊಕದ್ದಮೆ ಮುಗಿಯುವವರೆಗೆ, ಬೇರೆ ಕಡೆ ದುಡಿಯದ ನೌಕರನಿಗೆ ಕೊನೆಯ ಸಂಬಳದಷ್ಟು ಹಣ ಕೊಡುತ್ತಿರಬೇಕು.

ಹಿಂಬಾಕಿ ಸಂಬಳದ ವಿಷಯದಲ್ಲಿ ಕೋರ್ಟುಗಳ ಮನಸ್ಸು ಏರಿಳಿದಿದೆ. 1978ರ ಹಿಂದುಸ್ತಾನ್ ಟಿನ್ ವರ್ಕ್ಸ್ ತೀರ್ಪಿನಲ್ಲಿ ಪೂರ್ತಿ ಹಿಂಬಾಕಿ ಕೊಡುವುದೇ ಸಾಮಾನ್ಯ ನಿಯಮ ಅಂದಿತ್ತು (ಆ ಪ್ರಕರಣದಲ್ಲಿ ಕೊಟ್ಟದ್ದು ಶೇ. 75). 2000ದ ನಂತರದ ಕೆಲವು ತೀರ್ಪುಗಳಲ್ಲಿ ಮರುನೇಮಕದ ಬದಲು ಒಂದಿಷ್ಟು ಗಂಟು ಕೊಟ್ಟು ಕಳಿಸುವ ಕಡೆಗೆ ವಾಲಿತು. 2013ರಲ್ಲಿ ಒಬ್ಬ ಶಿಕ್ಷಕಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮತ್ತೆ ಹಳೆಯ ನಿಯಮವನ್ನೇ ಎತ್ತಿಹಿಡಿಯಿತು. ತಪ್ಪು ಮಾಲೀಕನದು, ಕೋರ್ಟಿನ ವಿಳಂಬಕ್ಕೆ ನೌಕರ ಯಾಕೆ ದಂಡ ತೆರಬೇಕು ಅನ್ನುವ ಧಾಟಿಯಲ್ಲಿ.

ಹಾಗಾದರೆ ನಾವು?

ಮೊದಲಿನ ಪ್ರಶ್ನೆಗೆ ಬರುತ್ತೇನೆ. "ನನಗೆ ಸಂಬಳ ಜಾಸ್ತಿ, ನನಗೆ ಲೇಬರ್ ಕಾನೂನು ಅನ್ವಯಿಸುವುದಿಲ್ಲ" ಅನ್ನುವುದು ಅರ್ಧ ಸತ್ಯ ಕೂಡ ಅಲ್ಲ. ಸಂಬಳದ ಮಿತಿ ಇರುವುದು ಮೇಲ್ವಿಚಾರಣೆಯ ಕೆಲಸ ಮಾಡುವವರಿಗೆ ಮಾತ್ರ. 1956ರಲ್ಲಿ ಅದು 500 ರೂಪಾಯಿ, 1984ರಿಂದ 1,600, 2010ರಲ್ಲಿ 10,000. ತಾಂತ್ರಿಕ ಕೆಲಸ ಮಾಡುವವರಿಗೆ ಅಂಥ ಮಿತಿಯೇ ಇಲ್ಲ. ಚೀಟಿಯಲ್ಲಿ "ಮ್ಯಾನೇಜರ್" ಅಂತಿದ್ದರೆ ಸಾಕೇ? ಸಾಲದು. ಹುದ್ದೆಯ ಹೆಸರಲ್ಲ, ದಿನಾ ಮುಖ್ಯವಾಗಿ ಮಾಡುವ ಕೆಲಸ ಯಾವುದು ಅನ್ನುವುದನ್ನು ನೋಡಬೇಕು ಅಂತ 1985ರ ಸಿಬಾ ಗೈಗಿ ತೀರ್ಪು ಹೇಳಿದೆ. ಶಿಕ್ಷಕರು ಮಾತ್ರ ಈ ವ್ಯಾಖ್ಯೆಗೆ ಬರುವುದಿಲ್ಲ ಅಂತ 1988ರಲ್ಲಿ ತೀರ್ಪಾಯಿತು. ನಮ್ಮಲ್ಲಿ ಖಾಸಗಿ ಶಾಲೆಯ ಶಿಕ್ಷಕರಿಗೆ ಕರ್ನಾಟಕ ಶಿಕ್ಷಣ ಕಾಯ್ದೆಯಡಿ ಬೇರೆ ಮೇಲ್ಮನವಿ ನ್ಯಾಯಮಂಡಳಿ ಇದೆ.

ಇನ್ನು ಐಟಿ ಕಂಪನಿಗಳಿಗೆ ಕರ್ನಾಟಕ ಸರ್ಕಾರ ವಿನಾಯಿತಿ ಕೊಟ್ಟದ್ದು 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ. 2014ರ ಆದೇಶದಲ್ಲಿ ಅದಕ್ಕೂ ಕುಂದುಕೊರತೆ ಸಮಿತಿ ಇರಬೇಕು, ಶಿಸ್ತುಕ್ರಮದ ಮಾಹಿತಿಯನ್ನು ಕಾರ್ಮಿಕ ಇಲಾಖೆಗೆ ಕೊಡಬೇಕು ಎಂಬ ಷರತ್ತುಗಳಿದ್ದವು. ಇದು ಬಾಯಿಂದ ಬಾಯಿಗೆ ಹೋಗಿ "ಐಟಿಗೆ ಲೇಬರ್ ಕಾನೂನೇ ಇಲ್ಲ" ಅಂತಾಗಿಬಿಟ್ಟಿತು. ವಿವಾದ ಕಾಯ್ದೆಯಿಂದ ಆ ಆದೇಶ ಯಾರನ್ನೂ ಹೊರಗಿಟ್ಟಿರಲಿಲ್ಲ.

2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಒಬ್ಬನೇ ಹೋಗುವ ಹಕ್ಕು ಅದರಲ್ಲೂ ಉಳಿದಿದೆ, 45 ದಿನದ ನಿಯಮವೂ ಉಳಿದಿದೆ. ಆದರೆ ಮೂರು ವರ್ಷದ ಗಡುವು ಎರಡಕ್ಕೆ ಇಳಿದಿದೆ. ಮೇಲ್ವಿಚಾರಕರ ಮಿತಿ 18,000 ಆಗಿದೆ. ಧರ್ಮಾರ್ಥ ಸಂಸ್ಥೆಗಳು ಮತ್ತು ಮನೆಗೆಲಸದವರನ್ನು "ಉದ್ಯಮ"ದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಜಲಮಂಡಳಿ ತೀರ್ಪು ಅಗಲ ಮಾಡಿದ ಬಾಗಿಲು ಸ್ವಲ್ಪ ಕಿರಿದಾಗಿದೆ ಅನ್ನಬಹುದು.

ನನಗೆ ಇದಕ್ಕಿಂತ ಹೆಚ್ಚು ಕಾಡುವುದು ಬೇರೆ ವಿಷಯ. ಇಷ್ಟೆಲ್ಲ ಹಕ್ಕು ನಿಂತಿರುವುದು ಮಾಲೀಕನೇ ಕೆಲಸದಿಂದ ತೆಗೆದಿದ್ದಾನೆ ಅನ್ನುವುದರ ಮೇಲೆ. ಇವತ್ತಿನ ಕಚೇರಿಗಳಲ್ಲಿ ಹಾಗೆ ತೆಗೆಯುವುದು ಕಡಿಮೆ. ಒಂದು ಕೋಣೆಗೆ ಕರೆದು, "ನೀವೇ ರಾಜೀನಾಮೆ ಕೊಡಿ, ರಿಲೀವಿಂಗ್ ಲೆಟರ್ ಚೆನ್ನಾಗಿರುತ್ತೆ, ಮುಂದಿನ ಕೆಲಸಕ್ಕೆ ತೊಂದರೆ ಆಗಲ್ಲ" ಅಂತಾರೆ. ಹೆದರಿಕೆಗೆ ಸಹಿ ಬೀಳುತ್ತದೆ. ಸಹಿ ಬಿದ್ದ ಮೇಲೆ ಕಾನೂನಿನ ಲೆಕ್ಕದಲ್ಲಿ ನಿಮ್ಮನ್ನು ಯಾರೂ ತೆಗೆದಿಲ್ಲ, ನೀವೇ ಹೋದಿರಿ. ಅದು ಬಲವಂತದ ಸಹಿ ಅಂತ ಸಾಬೀತು ಮಾಡುವ ಹೊರೆ ನಿಮ್ಮ ತಲೆಗೆ.

ಹಾಗಾಗಿ ಸ್ನೇಹಿತರೆ, ಅಂಥ ದಿನ ಯಾರಿಗೂ ಬರುವುದು ಬೇಡ. ಬಂದರೆ ಆ ಕೋಣೆಯಲ್ಲಿ ಅದೇ ಕ್ಷಣಕ್ಕೆ ಸಹಿ ಹಾಕಬೇಡಿ, ಒಂದು ದಿನ ಕೇಳಿ. ಕೆಲಸದಿಂದ ತೆಗೆಯುವುದಾದರೆ ಕಾರಣವನ್ನು ಬರಹದಲ್ಲಿ ಕೇಳಿ. ಮೇಲ್, ಸಂಬಳದ ಚೀಟಿ, ನೇಮಕದ ಪತ್ರ ಮನೆಯಲ್ಲೂ ಒಂದು ಪ್ರತಿ ಇರಲಿ. ತಾರೀಖು ಬರೆದಿಟ್ಟುಕೊಳ್ಳಿ, ಗಡುವು ಅಲ್ಲಿಂದಲೇ ಎಣಿಕೆ. ವಕೀಲರನ್ನು ನೋಡುವ ಮೊದಲೇ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ನೀವೇ ಅರ್ಜಿ ಕೊಡಬಹುದು.

ಲೇಬರ್ ಕೋರ್ಟಿನ ಮೆಟ್ಟಿಲು ಹತ್ತಿದವರು, ಬಿನ್ನಿ ಮಿಲ್ಲಿನಲ್ಲೋ ಸಾರ್ವಜನಿಕ ಉದ್ದಿಮೆಯಲ್ಲೋ ದುಡಿದವರ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಬ್ಲಾಗಿನಲ್ಲಿ ಆ ಅನುಭವ ಬರೆಯಿರಿ. ತೀರ್ಪುಗಳು ದಪ್ಪ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಸಿಗುತ್ತವೆ. ಆ ಹತ್ತು ಹದಿನೈದು ವರ್ಷ ಮನೆಯವರು ಹೇಗೆ ಕಳೆದರು ಅನ್ನುವುದು ಅಲ್ಲಿ ಸಿಗುವುದಿಲ್ಲ, ಅದನ್ನು ಕನ್ನಡದಲ್ಲಿ ನಾವೇ ಬರೆದಿಡಬೇಕು.